ಕಾಕಾನ ಟ್ರಂಕಿನಲ್ಲಿ ಸಿಕ್ಕ ಬುಲೆಟಿನ್‌ಗಳು

ಪ್ರಶ್ನೆ: ನಮ್ಮ ಕಾಕಾ 1950ರ ದಶಕದ ಕೊನೆಯಲ್ಲಿ ಓದಲು ಅಮೆರಿಕದ ಸಿರಾಕ್ಯೂಸ್‌ಗೆ ಹೋಗಿ ಬಂದವರು. ತೀರಿಕೊಂಡು ಎರಡು ವರ್ಷವಾಯಿತು. ಪಂಚಮಿಗೆ ಮನೆ ಸ್ವಚ್ಛ ಮಾಡುವಾಗ ಅವರ ಟ್ರಂಕಿನಲ್ಲಿ 'ಕಾರ್ಡ್ ಕಲೆಕ್ಟರ್ಸ್ ಬುಲೆಟಿನ್' ಅನ್ನೋ ಹೆಸರಿನ ಒಂಬತ್ತು ತೆಳು ಸಂಚಿಕೆಗಳು ಸಿಕ್ಕವು. ಪಿನ್ನಿಗೆಲ್ಲ ತುಕ್ಕು ಹಿಡಿದಿದೆ. ಒಳಗೆ ಟಿ206, ಆರ್319 ಅಂತ ಉದ್ದುದ್ದ ಪಟ್ಟಿ. ಕೆಲವು ಕಡೆ ಕಾಕಾ ಪೆನ್ಸಿಲ್‌ನಿಂದ ಟಿಕ್ ಹಾಕಿದ್ದಾರೆ. ಮೂರು ಕಡೆ ಕನ್ನಡದಲ್ಲಿ 'ಬಂತು' ಅಂತ ಬರೆದಿದ್ದಾರೆ. ಪೆನ್ಸಿಲ್ ಗುರುತು ಅಳಿಸಿ, ಲ್ಯಾಮಿನೇಷನ್ ಮಾಡಿಸಿ ಮಾರೋಣ ಅಂತಾನೆ ಮಗ. ರದ್ದಿಗೆ ಹಾಕು ಅಂತಾರೆ ಮನೆಯವರು. ಏನು ಮಾಡಲಿ?
— ಓದುಗರೊಬ್ಬರು, ಬೆಟಗೇರಿ

ಉತ್ತರ: ಅಕ್ಕಾ, ಎರಡೂ ಬೇಡ. ಮೊದಲು ಮಗನ ಕೈಯಿಂದ ರಬ್ಬರ್ ಇಸ್ಕೊಳ್ಳಿ. ಆ ಪೆನ್ಸಿಲ್ ಗುರುತುಗಳೇ ನಿಮ್ಮ ಸಂಚಿಕೆಗಳ ಜೀವ.

ಆ ಪಟ್ಟಿ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳದ್ದು. ಹಿಂದೆ ಅಮೆರಿಕದಲ್ಲಿ ಸಿಗರೇಟ್ ಪ್ಯಾಕು ಮೆತ್ತಗಿರುತ್ತಿತ್ತು. ಅದು ಮುದುಡದಂತೆ ಒಳಗೊಂದು ರಟ್ಟಿನ ತುಂಡು ಇಡುತ್ತಿದ್ದರು. ಆ ತುಂಡಿನ ಮೇಲೆ ಚಿತ್ರ ಅಚ್ಚಾಯಿತು. ಆಮೇಲೆ ಮಿಠಾಯಿ, ಚೂಯಿಂಗ್ ಗಮ್ ಜೊತೆಗೂ ಕಾರ್ಡು ಬಂತು. ಜನ ಕೂಡಿಸಿದರು. ಆದರೆ ಒಟ್ಟು ಎಷ್ಟು ಬಗೆ ಬಂದಿವೆ, ಯಾವುದು ಯಾವ ಕಂಪನಿಯದು, ಯಾರ ಹತ್ತಿರವೂ ಲೆಕ್ಕ ಇರಲಿಲ್ಲ.

ಆ ಲೆಕ್ಕಕ್ಕೆ ಕೂತವರು ಜೆಫರ್ಸನ್ ಬರ್ಡಿಕ್. ನಿಮ್ಮ ಕಾಕಾ ಓದಿದ ಸಿರಾಕ್ಯೂಸ್‌ನವರೇ! ವಿದ್ಯುತ್ ಸಾಮಾನಿನ ಕಾರ್ಖಾನೆಯಲ್ಲಿ ಕೆಲಸ, ಮೈತುಂಬ ಸಂಧಿವಾತ. 1937ರಲ್ಲಿ ಈ ಬುಲೆಟಿನ್ ಶುರು ಮಾಡಿದರು. 1939ರಲ್ಲಿ ಕಾರ್ಡುಗಳ ಮೊದಲ ಕೆಟಲಾಗ್ ತಂದರು. ಅದೇ ಮುಂದೆ 1946ರಲ್ಲಿ 'ಅಮೆರಿಕನ್ ಕಾರ್ಡ್ ಕೆಟಲಾಗ್' ಆಯಿತು. ನೀವು ನೋಡಿದ ಅಕ್ಷರಗಳು ಅವರು ಕೊಟ್ಟವು. ಎನ್ ಅಂದರೆ ಹತ್ತೊಂಬತ್ತನೇ ಶತಮಾನದ ತಂಬಾಕಿನ ಕಾರ್ಡು. ಟಿ ಅಂದರೆ ಇಪ್ಪತ್ತನೇ ಶತಮಾನದ ತಂಬಾಕಿನದು. ಆರ್ ಅಂದರೆ ಅವರ ಕಾಲಕ್ಕೆ ಈಚಿನದಾಗಿದ್ದ ಗಮ್, ಮಿಠಾಯಿಯ ಕಾರ್ಡು. ಇವತ್ತಿಗೂ ಕಾರ್ಡು ಕೂಡಿಸುವವರು ಟಿ206 ಅಂತಲೇ ಅನ್ನುತ್ತಾರೆ. 1949ರಿಂದ ಬುಲೆಟಿನ್ ನೋಡಿಕೊಂಡವರು ಚಾರ್ಲ್ಸ್ ಬ್ರೇ. ನಿಮ್ಮಲ್ಲಿರುವ ಸಂಚಿಕೆಗಳು ಅವರ ಕಾಲದವು.

ಪಟ್ಟಿಯಲ್ಲಿ ಏನಿದೆ ಅಂತ ಮಗ ಕೇಳಿದರೆ ಈ ಕತೆ ಹೇಳಿ. ಆರ್319 ಅಂದರೆ ಗೌಡಿ ಅನ್ನೋ ಗಮ್ ಕಂಪನಿಯ 1933ರ ಕಾರ್ಡುಗಳು. ನಂಬರ್ 1ರಿಂದ 240ರವರೆಗೆ. ಹುಡುಗರು ಗಮ್ ಕೊಂಡರು, ಕೊಂಡರು, ಆದರೆ 106ನೇ ನಂಬರ್ ಯಾರಿಗೂ ಬರಲೇ ಇಲ್ಲ. ಆ ವರ್ಷ ಕಂಪನಿ ಅದನ್ನು ಹೊರಗೇ ಬಿಟ್ಟಿರಲಿಲ್ಲ. ಕಾಗದ ಬರೆದು ತಕರಾರು ಮಾಡಿದವರಿಗೆ ಮರುವರ್ಷ ಅಂಚೆಯಲ್ಲಿ ಕಳಿಸಿತು. ನೆಪೋಲಿಯನ್ ಲಾಜೊಯ್ ಅನ್ನೋ ಆಟಗಾರನ ಕಾರ್ಡು ಅದು. ಪೂರ್ತಿ ಪಟ್ಟಿ ಕೈಯಲ್ಲಿ ಇಲ್ಲದಿದ್ದರೆ ಇಂಥದ್ದು ಗೊತ್ತಾಗೋದು ಹೇಗೆ?

ನನಗೆ ಇದು ಸುಮ್ನೆ ದೂರದ ಕತೆ ಅಲ್ಲ. ಸಣ್ಣವನಿದ್ದಾಗ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಖಾಲಿ ಬೆಂಕಿಪೊಟ್ಟಣ ಆಯುತ್ತಿದ್ದೆ. ಲೇಬಲ್ ನೀರಲ್ಲಿ ನೆನೆಸಿ ಬಿಡಿಸಿ, ಗೆಳೆಯನ ಜೊತೆ ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ನಂಬರ್ ಬರೆಯುತ್ತಿದ್ದೆವು: ಯಾವ ಓಣಿ, ಯಾವ ದಿನ, ಯಾರು ಕೊಟ್ಟರು. ಧಾರವಾಡಕ್ಕೆ ಮನೆ ಬದಲಿಸುವಾಗ ಲೇಬಲ್ ಇಟ್ಟುಕೊಂಡೆ, ನೋಟ್‌ಬುಕ್ ಬಿಸಾಕಿದೆ. ಲೇಬಲ್‌ಗಳು ಇಂದಿಗೂ ಇವೆ. ಆದರೆ ಕೈಗೆತ್ತಿಕೊಂಡರೆ ಒಂದೂ ಮಾತಾಡುವುದಿಲ್ಲ. ಗೆಳೆಯನೂ ಈಗಿಲ್ಲ. ಅವನ ಅಕ್ಷರ ಅದೊಂದರಲ್ಲೇ ಇತ್ತು.

ಮಗ ಮಾರೋಣ ಅಂತಾನಲ್ಲ, ಇನ್ನು ಬೆಲೆಯ ಮಾತು. ಟಿ206ರಲ್ಲಿ ಹೋನಸ್ ವ್ಯಾಗ್ನರ್ ಅನ್ನೋ ಆಟಗಾರನ ಕಾರ್ಡು 2022ರಲ್ಲಿ 72.5 ಲಕ್ಷ ಡಾಲರ್‌ಗೆ ಹೋಯಿತು. ಬುಲೆಟಿನ್‌ಗೆ ಅಂಥ ಬೆಲೆ ಬರುವುದಿಲ್ಲ. ಆಸೆ ಹುಟ್ಟಿಸಲಾರೆ. ಆದರೆ ಹಳೆಯ ಕಾರ್ಡುಗಳ ಚರಿತ್ರೆ ಹುಡುಕುವವರಿಗೆ ಇವು ಬೇಕೇ ಬೇಕು.

ಇನ್ನು ಕಾಪಾಡುವ ಮಾತು. ಲ್ಯಾಮಿನೇಷನ್ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಕಾಗದವನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲೋಟೇಪೂ ಬೇಡ. ಪಿನ್ನನ್ನು ಈ ಮಳೆಯಲ್ಲಿ ತೆಗೆಯಬೇಡಿ, ಕಾಗದಕ್ಕೆ ಥಂಡಿ ಹಿಡಿದಿರುತ್ತದೆ, ಹರಿಯುತ್ತದೆ. ಬಿಸಿಲು ಬಂದ ಮೇಲೆ ಸಂಚಿಕೆಯನ್ನು ಬೋರಲು ಹಾಕಿ, ಪಿನ್ನಿನ ಎರಡು ಕಾಲನ್ನು ತೆಳು ಚಾಕುವಿನಿಂದ ನೆಟ್ಟಗೆ ಎತ್ತಿ, ಆಮೇಲೆ ಮುಂದಿನಿಂದ ಮೆಲ್ಲಗೆ ಹೊರಗೆ ತೆಗೆಯಿರಿ. ಅದೇ ತೂತಿನಲ್ಲಿ ಬಿಳಿ ನೂಲು ಪೋಣಿಸಿ, ಸಡಿಲ ಗಂಟು ಹಾಕಿ. ಒಗೆದ ಬಿಳಿ ಅರಿವೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಖಾನೆಯಲ್ಲಿಡಿ. ಗೋಡೆಗೆ ತಾಗುವುದು ಬೇಡ. ನೀವು ಬೆಟಗೇರಿಯವರು, ಸುತ್ತ ಪ್ರೆಸ್ಸುಗಳೇ. ಹಳೇ ಬೈಂಡರ್ ಒಬ್ಬರನ್ನು ಕರೆದು ತೋರಿಸಿದರೆ ನನಗಿಂತ ಚೆನ್ನಾಗಿ ಮಾಡಿಯಾರು.

ಬರ್ಡಿಕ್ ತಮ್ಮ 3 ಲಕ್ಷಕ್ಕೂ ಹೆಚ್ಚು ಕಾರ್ಡು, ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಬೆರಳು ಮಡಚಲು ಬಾರದಿದ್ದರೂ ವರ್ಷಗಟ್ಟಲೆ ಕೂತು ತಾವೇ ಆಲ್ಬಮ್ಮಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚಿನಲ್ಲಿ ತೀರಿಕೊಂಡರು. ಇದನ್ನು ಬರೆಯುವಾಗಲೂ ನನ್ನ ಕಣ್ಣು ತುಂಬುತ್ತದೆ.

ಒಂದು ಮಾತು ಉಳಿಯಿತು, ಅಕ್ಕಾ. ಕಾಕಾ ಮೂರು ಕಡೆ 'ಬಂತು' ಅಂತ ಬರೆದಿದ್ದಾರೆ ಅಂದಿರಲ್ಲ, ಹಾಗಾದರೆ ಮೂರು ಕಾರ್ಡು ತರಿಸಿಕೊಂಡಿರಬೇಕು ಅಲ್ವಾ? ಟಿ206 ಬಹಳ ಚಿಕ್ಕದು: ಒಂದೂವರೆ ಇಂಚು ಅಗಲ, ಎರಡೂವರೆ ಇಂಚಿಗಿಂತ ತುಸು ಜಾಸ್ತಿ ಎತ್ತರ. ಸುತ್ತ ಬಿಳಿ ಅಂಚು, ಹಿಂದೆ ಸಿಗರೇಟಿನ ಜಾಹೀರಾತು. ಟ್ರಂಕಿನ ತಳದ ಕಾಗದ ಎತ್ತಿ ನೋಡಿ. ಕಾಕಾನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಹಾಳೆ ಮಗುಚಿ. ಮಗನನ್ನೂ ಜೊತೆಗೆ ಕೂರಿಸಿಕೊಳ್ಳಿ. ಸಿಕ್ಕರೆ, ಸಿಗದಿದ್ದರೂ, ನನಗೊಂದು ಕಾಗದ ಬರೆಯಿರಿ.