ಅಮೆರಿಕದಲ್ಲಿ ಟೀಚರ್ ಕೆಲ್ಸ ಸಿಕ್ಕಿದೆ, ಎನ್‌ಇಎ (ನ್ಯಾಷನಲ್ ಎಜುಕೇಶನ್ ಅಸೋಸಿಯೇಷನ್, ಅಲ್ಲಿನ ದೊಡ್ಡ ಟೀಚರ್ಸ್ ಯೂನಿಯನ್) ಮೆಂಬರ್ ಆಗ್ಬೇಕಾ? ಮೊದ್ಲು ಶಿಕ್ಷಣದ ಸಂಸ್ಥೆ ಆಗಿತ್ತಂತೆ, ಈಗ ಬರೀ ಸಂಬಳದ ಯೂನಿಯನ್ ಅಲ್ವಾ?

2021ರ ಆಗಸ್ಟಲ್ಲಿ ನನ್ ತಲೇಲೂ ಇದೇ ಪ್ರಶ್ನೆ ಇತ್ತು, ಬೇಡ ಅಂತ ಉತ್ತರಾನೂ ನಾನೇ ಕೊಟ್ಕೊಂಡಿದ್ದೆ. ಹೊಸ ಟೀಚರ್‌ಗಳ ಓರಿಯೆಂಟೇಶನ್ ದಿನ ಯೂನಿಯನ್‌ನವರು ಒಂದು ಟೇಬಲ್ ಹಾಕ್ಕೊಂಡು ಡೋನಟ್ ಇಟ್ಕೊಂಡು ಕೂತಿದ್ರು, ನಾನು ಡೋನಟ್ ತಗೊಂಡೆ, ಫಾರ್ಮ್ ಬಿಟ್ಟು ಬಂದೆ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಜೇನಸ್ ತೀರ್ಪು ಬಂದ್ಮೇಲೆ ಸರ್ಕಾರಿ ಕೆಲಸದಲ್ಲಿ ಮೆಂಬರ್ ಅಲ್ಲದವರ ಹತ್ರ ಯೂನಿಯನ್ ಒಂದು ಪೈಸೆನೂ ವಸೂಲಿ ಮಾಡೋ ಹಾಗಿಲ್ಲ, ಅದು ಮಾತ್ರ ನಂಗೆ ಚೆನ್ನಾಗಿ ಗೊತ್ತಿತ್ತು! ವರ್ಷಕ್ಕೆ 700 ಚಿಲ್ಲರೆ ಡಾಲರ್ ಉಳೀತು ಅಂತ ಖುಷಿ. ಅಪ್ಪ ಅರಸೀಕೆರೆ ಕಡೆ ಪ್ರೈಮರಿ ಸ್ಕೂಲ್ ಮೇಷ್ಟ್ರು, ಸಂಘ ಅಂದ್ರೆ ನಂಗೆ ವರ್ಗಾವಣೆ, ಚಂದಾ, ಎಲೆಕ್ಷನ್ ಟೈಮಲ್ಲಿ ಮನೆಗೆ ಬಂದು ಕಾಫಿ ಕುಡಿದು ಹೋಗೋರು, ಅಷ್ಟೇ. ಪಾಠ ಮಾಡೋರಿಗೆ ಇದೆಲ್ಲ ಯಾಕೆ ಅನ್ನೋ ಜಂಬ ಬೇರೆ.

ಎರಡನೇ ವರ್ಷ ಫೆಬ್ರವರಿಲಿ ಪ್ರಿನ್ಸಿಪಾಲ್ ನನ್ನ ಮ್ಯಾತ್ಸ್ ಕ್ಲಾಸ್ ನೋಡಕ್ಕೆ ಬಂದ್ರು. ಪಾಠ ಅರ್ಧದಲ್ಲಿರುವಾಗ ಫೈರ್ ಡ್ರಿಲ್ ಬೆಲ್ ಆಯ್ತು, ಎಲ್ರೂ ಹೊರಗೆ, ಅವರು ಮತ್ತೆ ವಾಪಸ್ ಬರ್ಲೇ ಇಲ್ಲ. ಅಂದ್ರೆ ನೋಡಿದ್ದು 18 ನಿಮಿಷ. ವಾರದ ಮೇಲೆ ಕರೆದು ರಿಪೋರ್ಟ್ ಮುಂದಿಟ್ರು, ಮಕ್ಕಳು ಮಾತಾಡಲ್ಲ, ಟೀಚರೇ ಮಾತಾಡ್ತಾರೆ, ಸುಧಾರಣೆ ಬೇಕು ಅಂತ. ಅವರೇ ಪೆನ್ ಕೊಟ್ರು, ಸೈನ್ ಹಾಕಿದೆ.

ಸೈನ್ ಹಾಕಿದ್ದು ತಪ್ಪಲ್ಲ, ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಿ. ಸೈನ್ ಅಂದ್ರೆ ಓದಿದೀನಿ ಅಂತ, ಒಪ್ಪಿದೀನಿ ಅಂತಲ್ಲ, ಫಾರ್ಮಿನ ಕೆಳಗೆ ಸಣ್ಣಕ್ಷರದಲ್ಲಿ ಬರ್ದೇ ಇತ್ತು. ಅದರ ಮುಂದಿನ ಸಾಲನ್ನೇ ನಾನು ಓದ್ಲಿಲ್ಲ: ಉತ್ತರ ಕೊಡೋದಿದ್ರೆ 10 ಕೆಲಸದ ದಿನದೊಳಗೆ. ಯೂನಿಯನ್ನೂ ಸ್ಕೂಲ್ ಡಿಸ್ಟ್ರಿಕ್ಟೂ ಮಾಡ್ಕೊಂಡಿರೋ ನಮ್ಮ ಕಾಂಟ್ರಾಕ್ಟಲ್ಲಿ ಕ್ಲಾಸ್ ನೋಡೋದು ಅಂದ್ರೆ ಕನಿಷ್ಠ 30 ನಿಮಿಷ. ಆ ಹತ್ತು ದಿನದಲ್ಲಿ ಒಂದು ಕಾಗದ ಕೊಟ್ಟಿದ್ರೆ ಆ ರಿಪೋರ್ಟೇ ನಿಲ್ತಿರ್ಲಿಲ್ಲ. ಹಾಗಂತ ಬರೀಲಿಲ್ಲ ಅಂತೇನಲ್ಲ, ರಾತ್ರಿ ಕೂತು ನಾಲ್ಕು ಸಾಲು ಟೈಪ್ ಮಾಡಿದ್ದೆ, ಬೆಳಿಗ್ಗೆ ಓದಿದ್ರೆ ಎದುರುತ್ತರ ಕೊಟ್ಟ ಹಾಗೆ ಕಾಣ್ಸೋದು, ಊರಲ್ಲಿ ಹೆಡ್‌ಮೇಷ್ಟ್ರು ಬೈದ್ರೆ ಸರಿ ಸಾರ್ ಅಂತ ಬರ್ತೀವಲ್ಲ ಅದೇ ಬುದ್ಧಿ, ಸುಮ್ನಿದ್ರೆ ಒಳ್ಳೇವ್ಳು ಅಂತಾರೆ ಅನ್ಕೊಂಡೆ. ಆ ಫೈಲ್ ಈಗ್ಲೂ ಲ್ಯಾಪ್‌ಟಾಪಲ್ಲಿದೆ. ಏಪ್ರಿಲಲ್ಲಿ ಪತ್ರ ಬಂತು, ಮುಂದಿನ ವರ್ಷಕ್ಕೆ ನನ್ನ ಕೆಲಸದ ಕಾಂಟ್ರಾಕ್ಟ್ ರಿನ್ಯೂ ಇಲ್ಲ. ಪ್ರೊಬೇಶನಲ್ಲಿದ್ದೆ, ಕಾರಣ ಕೂಡ ಹೇಳ್ಲಿಲ್ಲ.

ಆಗ ಓಡಿದೆ ಯೂನಿಯನ್ ರೆಪ್ ಹತ್ರ, ಅಂದ್ರೆ ನಮ್ಮ ಸ್ಕೂಲಿನ ಯೂನಿಯನ್ ಪ್ರತಿನಿಧಿ ಹತ್ರ. ಪಾಪ ಆಯಮ್ಮ ಎಲ್ಲ ಕೇಳಿಸ್ಕೊಂಡು, ಕಾಂಟ್ರಾಕ್ಟ್ ವಿಷಯಕ್ಕೆ ಮೆಂಬರ್ ಅಲ್ದಿದ್ರೂ ನಿನ್ ಪರ ನಿಲ್ತಿದ್ವಿ ಕಣಮ್ಮ, ಆದ್ರೆ ಗಡುವು ಮುಗಿದು ಆರು ವಾರ ಆಯ್ತಲ್ಲ ಅಂದ್ರು. ವಕೀಲರು ಮೆಂಬರ್‌ಗಳಿಗೆ ಮಾತ್ರ.

ಆ ಬೇಸಿಗೆ ಕೆಲ್ಸ ಇಲ್ದೆ ಕೂತಾಗ ಎನ್‌ಇಎ ಚರಿತ್ರೆ ಓದಿದೆ, ಹಾಗಾಗಿ ನಿಮ್ಮ 'ಮೊದ್ಲು ಶಿಕ್ಷಣ, ಈಗ ಸಂಬಳ' ಅನ್ನೋ ಮಾತನ್ನ ನಾನು ಒಪ್ಪಲ್ಲ. 1857ರಲ್ಲಿ ಫಿಲಡೆಲ್ಫಿಯಾದಲ್ಲಿ 43 ಜನ ಸೇರಿ ನ್ಯಾಷನಲ್ ಟೀಚರ್ಸ್ ಅಸೋಸಿಯೇಷನ್ (ಎನ್‌ಇಎ ಮೊದಲ ಹೆಸರು) ಕಟ್ಟಿದಾಗ್ಲೇ ಟೀಚಿಂಗ್ ವೃತ್ತಿಯ ಹಿತ, ಜನಸಾಮಾನ್ಯರ ಶಿಕ್ಷಣ ಎರಡನ್ನೂ ಒಂದೇ ಉಸಿರಲ್ಲಿ ಬರ್ದಿದ್ರು. ಆದ್ರೆ ಹೆಂಗಸರಿಗೆ ಪೂರ್ತಿ ಸದಸ್ಯತ್ವ ಸಿಕ್ಕಿದ್ದು 1866ರಲ್ಲಿ. ಹೈಸ್ಕೂಲಲ್ಲಿ ಏನು ಕಲಿಸ್ಬೇಕು ಅಂತ 1892ರಲ್ಲಿ ಇವರು ನೇಮಿಸಿದ ಹತ್ತು ಜನರ ಸಮಿತಿ ಇದ್ಯಲ್ಲ, ಹಾರ್ವರ್ಡ್ ಅಧ್ಯಕ್ಷ ಚಾರ್ಲ್ಸ್ ಎಲಿಯಟ್‌ದು, ಕಾಲೇಜಿಗೆ ಹೋಗೋ ಮಕ್ಕಳಿಗೂ ಹೋಗ್ದೇ ಇರೋರಿಗೂ ಒಂದೇ ಥರ ಪಾಠ ಅಂತ ಹೇಳಿದ್ದು, ಒಳ್ಳೆ ಮಾತೇ, ಆದ್ರೆ ಹತ್ತೂ ಗಂಡಸರು, ಅರ್ಧ ಜನ ಕಾಲೇಜ್ ಅಧ್ಯಕ್ಷರು. ನೀವು ಚಿನ್ನದ ಕಾಲ ಅನ್ಕೊಂಡಿರೋದು ಕ್ಲಾಸ್‌ರೂಮ್ ಟೀಚರ್‌ಗೆ ಬಾಯೇ ಇಲ್ಲದಿದ್ದ ಕಾಲ ರೀ. 1904ರಲ್ಲಿ ಇವರ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ ಶಿಕಾಗೋ ಟೀಚರ್‌ಗಳ ನಾಯಕಿ ಮಾರ್ಗರೆಟ್ ಹೇಲಿ ಎದ್ದು ನಿಂತು, ಕಮ್ಮಿ ಸಂಬಳ, ಕೆಲಸಕ್ಕೆ ಭದ್ರತೆ ಇಲ್ಲ, ಟೀಚರ್‌ನ ಫ್ಯಾಕ್ಟರಿ ಆಳು ಮಾಡ್ತಿದೀರಿ ಅಂದ್ಲು. ಆಮೇಲೆ 1910ರಲ್ಲಿ ಎಲಾ ಫ್ಲ್ಯಾಗ್ ಯಂಗ್ ಅನ್ನೋವ್ರು ಇವರ ಮೊದಲ ಮಹಿಳಾ ಅಧ್ಯಕ್ಷೆ. ಸಾಚಾಗಳು ಅಂತೇನಲ್ಲ, ಕಪ್ಪು ಶಿಕ್ಷಕರ ಬೇರೆ ಸಂಘ ಇವರ ಜೊತೆ ಒಂದಾಗಿದ್ದೇ 1966ರಲ್ಲಿ. ಆದ್ರೆ 18 ನಿಮಿಷ ನೋಡಿ ನನ್ನ ಪಾಠ ತೂಗಿದ್ದು ಶಿಕ್ಷಣದ ವಿಷ್ಯನಾ, ನೌಕರಿ ವಿಷ್ಯನಾ? ನೀವೇ ಹೇಳಿ.

ಈಗ ಬೇರೆ ಡಿಸ್ಟ್ರಿಕ್ಟಲ್ಲಿದೀನಿ, ಪ್ರೊಬೇಶನ್ ಮೊದಲಿಂದ. ಎಲ್ಲಿ ಅರ್ಜಿ ಹಾಕಿದ್ರೂ 'ಎಂದಾದ್ರೂ ಕಾಂಟ್ರಾಕ್ಟ್ ರಿನ್ಯೂ ಆಗದೇ ಇದ್ದಿದ್ದುಂಟಾ' ಅಂತ ಒಂದು ಬಾಕ್ಸ್ ಇರುತ್ತೆ, ಹೌದು ಅಂತ ಟಿಕ್ ಮಾಡಿ ಕೆಳಗೆ ಮೂರು ಸಾಲಲ್ಲಿ ಈ ಕಥೆ ಬರೀಬೇಕು. ನಿಮ್ಮೂರಲ್ಲಿರೋದು ಎಎಫ್‌ಟಿ (ಇನ್ನೊಂದು ಟೀಚರ್ಸ್ ಯೂನಿಯನ್) ಆದ್ರೂ ಇದೇ ಮಾತು. ಡೋನಟ್ ಜೊತೆ ಫಾರ್ಮ್ ಕೂಡ ತುಂಬಿ, ರೆಪ್ ನಂಬರ್ ಫೋನಲ್ಲಿ ಸೇವ್ ಮಾಡ್ಕೊಳ್ಳಿ, ಕಾಂಟ್ರಾಕ್ಟಲ್ಲಿ ಎವ್ಯಾಲ್ಯುಯೇಶನ್ ಅಂತ ಇರೋ ಭಾಗ ಮೊದಲನೇ ವಾರವೇ ಓದಿ. ಸಮಸ್ಯೆ ಬಂದ್ಮೇಲೆ ಸೇರಿದ್ರೆ ಹಿಂದಿನದಕ್ಕೆ ವಕೀಲರು ಸಿಗಲ್ಲ, ನಾನು ಕೇಳಿ ನೋಡಿದೀನಿ.