ಎಣಿಸಿದವರು ಯಾರು?

ಗೌರಿಬಿದನೂರಿನ ಗೆಳೆಯರೇ,

ಯುದ್ಧಗಳಲ್ಲಿ ಸತ್ತವರ ಬಗ್ಗೆ ನೀವು ಕಳಿಸಿದ ಹದಿನಾಲ್ಕು ಪುಟದ ಲೇಖನವನ್ನು ಎರಡು ಸಲ ಓದಿದೆ. ಮೊದಲನೇ ಸಲ ಚಿಕ್ಕಬಳ್ಳಾಪುರದ ನಮ್ಮ ಆಫೀಸಿನಲ್ಲಿ, ಎರಡನೇ ಸಲ ಬೆಂಗಳೂರು ಬಸ್ಸಿನಲ್ಲಿ ಪೆನ್ಸಿಲ್ ಹಿಡಿದುಕೊಂಡು. ಈ ತಿಂಗಳು ಹಾಕುತ್ತಿಲ್ಲ. ಇದೇ ತಪ್ಪು ಮಾಡಿರುವ ಇನ್ನೂ ಮೂರು ಲೇಖನ ಮೇಜಿನ ಮೇಲಿವೆ, ಅದಕ್ಕೇ ಉತ್ತರವನ್ನು ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ, ಗಾಬರಿ ಬೇಡ.

ಭಾಷೆ ಚೆನ್ನಾಗಿದೆ. ‘ಯುದ್ಧದಲ್ಲಿ ಮೊದಲು ಸಾಯುವುದು ಸತ್ಯ’ ಅನ್ನುವ ಮೊದಲ ಸಾಲನ್ನು ಮಾತ್ರ ತೆಗೆಯಿರಿ. ಅದು ನಮಗೆ ವರ್ಷಕ್ಕೆ ನಾಲ್ಕು ಸಲ ಬರುತ್ತದೆ.

ಈಗ ತೊಂದರೆಗೆ ಬರೋಣ. ಎರಡನೇ ಪುಟದಲ್ಲಿ, 1916ರ ಜುಲೈ 1ರಂದು ಮೊದಲ ಮಹಾಯುದ್ಧದ ಸೋಮ್ ಕದನದ ಮೊದಲ ದಿನವೇ 57,470 ಬ್ರಿಟಿಷ್ ಸೈನಿಕರು ಸತ್ತರು ಅಂತ ಬರೆದಿದ್ದೀರಿ. ಸತ್ತವರು 19,240. ಉಳಿದ 38 ಸಾವಿರ ಜನ ಗಾಯಗೊಂಡವರು, ಕಾಣೆಯಾದವರು, ಸೆರೆ ಸಿಕ್ಕವರು. ಇಂಗ್ಲಿಷಿನಲ್ಲಿ ‘ಕ್ಯಾಶುವಾಲ್ಟಿ’ ಅಂತ ಇದ್ದದ್ದನ್ನು ನೀವು ‘ಸತ್ತರು’ ಅಂತ ಮಾಡಿದಿರಿ, ಅಷ್ಟೂ ಜನರನ್ನು ಒಂದೇ ಕ್ರಿಯಾಪದದಲ್ಲಿ ಕೊಂದುಬಿಟ್ಟಿರಿ. ನಮ್ಮಲ್ಲಿ ‘ಸಾವುನೋವು’ ಅಂತ ಒಳ್ಳೆ ಮಾತಿದೆ, ಅಲ್ವಾ? ಅದರಲ್ಲಿ ಸಾವೂ ಇದೆ, ನೋವೂ ಇದೆ. ಆದರೆ ನಾವು ಪತ್ರಿಕೆಯವರೇ ಅದನ್ನು ಬರೀ ಸಾವು ಅನ್ನುವ ಅರ್ಥಕ್ಕೆ ಬಳಸಿ ಬಳಸಿ ಸವೆಸಿದ್ದೇವೆ. ಹಾಗಾಗಿ ಎಲ್ಲೇ ಒಂದು ಸಂಖ್ಯೆ ಸಿಕ್ಕಿದರೂ ಮೊದಲು ಕೇಳಬೇಕಾದದ್ದು ಇದು: ಇಲ್ಲಿ ಎಣಿಸಿರುವುದು ಯಾರನ್ನು? ಸೈನಿಕರನ್ನಾ, ಊರಿನವರನ್ನಾ? ಗುಂಡಿಗೆ ಸತ್ತವರನ್ನು ಮಾತ್ರವಾ, ಯುದ್ಧದ ದೆಸೆಯಿಂದ ಔಷಧಿ ಸಿಗದೆ ಸತ್ತ ಬಾಣಂತಿಯನ್ನೂ ಸೇರಿಸಿಯಾ?

ಇರಾಕಿನ ವಿಷಯದಲ್ಲಿ ನೀವು ಎಡವಿರುವುದೂ ಇಲ್ಲೇ. 2003ರಲ್ಲಿ ಶುರುವಾದ ಅಮೆರಿಕದ ಯುದ್ಧದಿಂದ 6,54,965 ಜನ ಸತ್ತರು ಅಂತ, ಯಾರೋ ಒಬ್ಬೊಬ್ಬರನ್ನೇ ಎಣಿಸಿ ಕೊಟ್ಟ ಹಾಗೆ ಬರೆದಿದ್ದೀರಿ. ಅದು 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು. ಆಯ್ದ ಕೆಲವು ಮನೆಗಳಿಗೆ ಹೋಗಿ ಕೇಳಿ, ಯುದ್ಧ ಇಲ್ಲದಿದ್ದರೆ ಸಾಯುತ್ತಿದ್ದವರಿಗಿಂತ ಎಷ್ಟು ಜನ ಜಾಸ್ತಿ ಸತ್ತರು ಅಂತ ಇಡೀ ದೇಶಕ್ಕೆ ಲೆಕ್ಕ ಹಾಕಿದ್ದು. ಅವರೇ ಕೊಟ್ಟ ಮಿತಿ 3,92,979ರಿಂದ 9,42,636ರವರೆಗೆ ಇದೆ. ಆ ಮಿತಿಯನ್ನು ಬಿಟ್ಟು ನಡುವಿನ ಸಂಖ್ಯೆಯನ್ನು ಮಾತ್ರ ಎತ್ತಿಕೊಂಡಿದ್ದೀರಿ. ಅದೇ ಹೊತ್ತಿಗೆ ‘ಇರಾಕ್ ಬಾಡಿ ಕೌಂಟ್’ ಅನ್ನುವವರು ಸುದ್ದಿಗಳಲ್ಲಿ ದಾಖಲಾದ ನಾಗರಿಕರ ಸಾವನ್ನಷ್ಟೇ ಕೂಡಿದ್ದರು. ಅದು ಐವತ್ತು ಸಾವಿರದ ಒಳಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಜೊತೆ ಸೇರಿ ನಡೆಸಿದ ಇನ್ನೊಂದು ದೊಡ್ಡ ಸಮೀಕ್ಷೆ ಹಿಂಸೆಗೆ ಸತ್ತವರು 1,51,000 ಅಂದಿತು. ಮೂರೂ ಎಣಿಸಿದ್ದು ಬೇರೆ ಬೇರೆ, ಎಣಿಸಿದ ರೀತಿಯೂ ಬೇರೆ. ಲ್ಯಾನ್ಸೆಟ್ ಅಂದಾಜಿನ ಬಗ್ಗೆ ಆಮೇಲೆ ದೊಡ್ಡ ಜಗಳವೇ ಆಯಿತು. ಅದೂ ನಿಮ್ಮ ಲೇಖನದಲ್ಲಿ ಇಲ್ಲ.

ಹೆಚ್ಚು ಸಿಟ್ಟು ಬಂದಿದ್ದು 1971ರ ಬಾಂಗ್ಲಾದೇಶ ವಿಮೋಚನಾ ಯುದ್ಧದ ಭಾಗ ಓದಿದಾಗ. ಬಾಂಗ್ಲಾದೇಶ 30 ಲಕ್ಷ ಅನ್ನುತ್ತದೆ, ಆ ಸೋಲಿನ ವಿಚಾರಣೆಗೆ ಪಾಕಿಸ್ತಾನವೇ ನೇಮಿಸಿದ್ದ ಹಮೂದುರ್ ರೆಹಮಾನ್ ಆಯೋಗ 26 ಸಾವಿರ ಅನ್ನುತ್ತದೆ, ‘ಆದ್ದರಿಂದ ಸುಮಾರು 15 ಲಕ್ಷ ಎನ್ನಬಹುದು’ ಅಂತ ತೀರ್ಪು ಕೊಟ್ಟಿದ್ದೀರಿ. ಇದೇನು ಕೋಲಾರದ ಟೊಮೆಟೊ ಮಂಡಿಯಾ? ಅಲ್ಲಿ ಇವನು ಆರುನೂರು ಅಂತಾನೆ, ಅವನು ನಾನೂರು ಅಂತಾನೆ, ಐನೂರಕ್ಕೆ ಬಾಕ್ಸು ಎತ್ತುತ್ತಾರೆ. ಹೆಣದ ಲೆಕ್ಕದಲ್ಲಿ ನಡುವೆ ನಿಲ್ಲುವುದು ನಿಷ್ಪಕ್ಷಪಾತ ಅಲ್ಲ, ಸುಮ್ನೆ ಸೋಮಾರಿತನ. 26 ಸಾವಿರ ಎಲ್ಲಿಂದ ಬಂತು ನೋಡಿ: ಆರೋಪ ಹೊತ್ತ ಪಾಕಿಸ್ತಾನಿ ಸೇನೆಯ ಕೇಂದ್ರ ಕಚೇರಿಯೇ ಕೊಟ್ಟದ್ದು. 30 ಲಕ್ಷವೂ ಯುದ್ಧ ಮುಗಿದ ಕೆಲವೇ ವಾರಗಳಲ್ಲಿ ಕೇಳಿಬಂದದ್ದು, ಊರೂರು ಸುತ್ತಿ ಎಣಿಸಿದ್ದಲ್ಲ. 3ರಿಂದ 5 ಲಕ್ಷ ಅನ್ನುವ ಸಂಶೋಧಕರೂ ಇದ್ದಾರೆ. ಈ ಮೂರನ್ನೂ ಯಾರು, ಯಾವಾಗ, ಹೇಗೆ ಹೇಳಿದರು ಅನ್ನುವುದರ ಸಮೇತ ಬರೆಯಿರಿ. ನಿಮ್ಮ 15 ಲಕ್ಷವನ್ನು ಯಾರೂ ಎಣಿಸಿಲ್ಲ.

ಕೊನೆಯಲ್ಲಿ ಎಂಟು ಆಧಾರ ಕೊಟ್ಟಿದ್ದೀರಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಮೇಲಾದ ಬಾಂಬ್ ದಾಳಿಗೆ ಕೊಟ್ಟ ನಾಲ್ಕನ್ನು ಹಿಂದಕ್ಕೆ ಹಿಡಿದುಕೊಂಡು ಹೋದೆ. ನಾಲ್ಕೂ ಹೋಗಿ ನಿಂತಿದ್ದು ಒಂದೇ ಕಡೆ. ಒಂದೇ ಬಾವಿ ನೀರನ್ನು ನಾಲ್ಕು ಕೊಡದಲ್ಲಿ ತಂದು ನಾಲ್ಕು ಬಾವಿ ಅಂದ ಹಾಗಾಯಿತು. ಆ ಬಾವಿಯಾದರೂ ಎಂಥದ್ದು ಗೊತ್ತಾ? 1945ರ ಮಾರ್ಚಿನಲ್ಲಿ ಅಲ್ಲಿನ ಪೊಲೀಸರ ವರದಿಯಲ್ಲಿ ಸಿಕ್ಕ ಹೆಣಗಳ ಸಂಖ್ಯೆ 20,204 ಇತ್ತು. ನಾಜಿ ಪ್ರಚಾರದವರು ಕೊನೆಗೊಂದು ಸೊನ್ನೆ ಸೇರಿಸಿ 2,02,040 ಮಾಡಿದರು. 2010ರಲ್ಲಿ ಇತಿಹಾಸಕಾರರ ಆಯೋಗ ದಾಖಲೆಗಳನ್ನೆಲ್ಲ ಜಾಲಾಡಿ, ಹೆಚ್ಚೆಂದರೆ 25 ಸಾವಿರ ಅಂದಿತು. ನೀವು ಈಗಲೂ ಎರಡು ಲಕ್ಷದಲ್ಲೇ ಇದ್ದೀರಿ.

ಕಾರ್ಗಿಲ್ ಬಗ್ಗೆ ಜಾಸ್ತಿ ಹೇಳಲ್ಲ. ನಮ್ಮವರು 527 ಅನ್ನುವುದನ್ನು ನಾನು ನಂಬುತ್ತೇನೆ, ಅದಕ್ಕೆ ದೇಶಪ್ರೇಮ ಕಾರಣ ಅಲ್ಲ. ಸತ್ತವರ ಹೆಸರು ಹೊರಗೆ ಬಂದಿದೆ, ಮನೆಯವರಿಗೆ ಪಿಂಚಣಿ ಹೋಗುತ್ತದೆ, ಒಂದು ಹೆಸರು ಬಿಟ್ಟರೂ ಆ ತಾಯಿ ಬಂದು ಕೇಳುತ್ತಾಳೆ. ಪಾಕಿಸ್ತಾನ ಮೊದಲು ಅಲ್ಲಿದ್ದವರು ತನ್ನ ಸೈನಿಕರೇ ಅಲ್ಲ ಅಂದಿತ್ತು. 2010ರಲ್ಲಿ ಅದರ ಸೇನೆಯ ಜಾಲತಾಣದಲ್ಲೇ 453 ಹೆಸರು ಕಾಣಿಸಿದವು. ತನಗೆ ಮುಜುಗರ ತರುವ ಲೆಕ್ಕವನ್ನು ತಾನೇ ಒಪ್ಪಿಕೊಂಡರೆ ಅದಕ್ಕೆ ತೂಕ ಜಾಸ್ತಿ. ಆದರೂ 453ನ್ನು ‘ಕನಿಷ್ಠ ಇಷ್ಟು’ ಅಂತ ಓದಬೇಕು. ವೈರಿಯ ಹೆಣಗಳ ಬಗ್ಗೆ ಯಾವ ದೇಶ ಏನು ಹೇಳಿದರೂ ಅದನ್ನು ಒಂದು ಮಾರು ದೂರ ಇಟ್ಟೇ ನೋಡಿ, ನಮ್ಮ ದೇಶವನ್ನೂ ಸೇರಿಸಿ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಕೊನೇ ಪ್ಯಾರಾ, ‘ಒಟ್ಟಿನಲ್ಲಿ ಯಾರ ಲೆಕ್ಕವನ್ನೂ ನಂಬುವಂತಿಲ್ಲ’. ಇದನ್ನು ಹೊಡೆದು ಹಾಕಿದ್ದೇನೆ. ಎಲ್ಲವೂ ಸುಳ್ಳು ಅಂದುಬಿಟ್ಟರೆ ಸೊನ್ನೆ ಸೇರಿಸಿದವನೂ ಊರೂರು ಅಲೆದು ಹೆಸರು ಬರೆದುಕೊಂಡವನೂ ಒಂದೇ ಆಗಿಬಿಡುತ್ತಾರೆ.

ನಾನೂ ಈ ತಪ್ಪು ಮಾಡಿದ್ದೇನೆ. ತುಂಬಾ ವರ್ಷದ ಹಿಂದೆ ವಿದುರಾಶ್ವತ್ಥದಲ್ಲಿ 1938ರಲ್ಲಿ ನಡೆದ ಗೋಲಿಬಾರ್ ಬಗ್ಗೆ ಬರೆಯುತ್ತಾ, ‘ಮೂವತ್ತೆರಡು ಮಂದಿ’ ಅಂತ ಒಂದು ಸಾಲು ಎಸೆದು ಮುಂದೆ ಹೋಗಿದ್ದೆ. ವಾರ ಬಿಟ್ಟು ವಯಸ್ಸಾದ ಒಬ್ಬರು ಪತ್ರಿಕೆ ಮಡಚಿಕೊಂಡು ಆಫೀಸಿಗೆ ಬಂದರು. “ನಮ್ಮ ದೊಡ್ಡಪ್ಪ ಗುಂಡೇಟು ತಿಂದು ಮನೆಗೆ ಬಂದು, ಆಮೇಲೆ ಸತ್ತಿದ್ದು. ನಿಮ್ಮ ಮೂವತ್ತೆರಡರಲ್ಲಿ ಅವರು ಇದಾರಾ ಸಾರ್?” ಅಂದರು. ನನಗೆ ಗೊತ್ತಿರಲಿಲ್ಲ. ಗುಂಡೇಟಾದ ಎಷ್ಟು ದಿನಕ್ಕೆ ಸತ್ತರು ಅಂತ ಕೇಳಿದೆ, ಅವರಿಗೂ ಗೊತ್ತಿರಲಿಲ್ಲ, ಕಾಗದವೂ ಇರಲಿಲ್ಲ. ಅವರು ಸುಳ್ಳು ಹೇಳಿದರು ಅಂತ ನನಗೆ ಈಗಲೂ ಅನಿಸುವುದಿಲ್ಲ. ಆದರೂ ಅದನ್ನು ಲೆಕ್ಕಕ್ಕೆ ಸೇರಿಸಿ ಅಚ್ಚು ಹಾಕಲಿಲ್ಲ. ‘ಮನೆಯವರು ಹೀಗೆ ಹೇಳುತ್ತಾರೆ’ ಅಂತ ಬೇರೆಯಾಗಿ ಒಂದು ಸಾಲು ಹಾಕಬಹುದಿತ್ತು. ಅದನ್ನೂ ಮಾಡಲಿಲ್ಲ, ಅದು ನನ್ನ ತಪ್ಪು.

ಅದಕ್ಕೇ ನಿಮಗೊಂದು ಕೆಲಸ. ಸೋಮ್, ಡ್ರೆಸ್ಡೆನ್ ಎಲ್ಲ ಪಕ್ಕಕ್ಕಿಡಿ. ವಿದುರಾಶ್ವತ್ಥ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಅದು ಯುದ್ಧ ಅಲ್ಲ ನಿಜ, ಆದರೆ ಹೆಣ ಎಣಿಸುವ ತಕರಾರು ಅದೇ. 1938ರ ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕ ಹತ್ತರ ಆಸುಪಾಸು, ಜನರ ಲೆಕ್ಕ ಮೂವತ್ತು ದಾಟುತ್ತದೆ. ವಿಚಾರಣೆಗೆ ವೇಪಾ ರಾಮೇಶಂ ಸಮಿತಿ ಕೂತಿತ್ತು. ಆ ವರದಿಯನ್ನೂ ಆ ವಾರದ ಪತ್ರಿಕೆಗಳನ್ನೂ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ ಕೇಳಿ. ಹುಡುಕುವಾಗ ಕೋಲಾರ ಜಿಲ್ಲೆ ಅಂತಲೇ ಹುಡುಕಿ, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಆಮೇಲೆ ಸ್ಮಾರಕಕ್ಕೆ ಹೋಗಿ ಹೆಸರುಗಳನ್ನು ಕೈಯಲ್ಲೇ ಬರೆದುಕೊಳ್ಳಿ, ಫೋಟೋ ತೆಗೆದು ಬಂದರೆ ಓದುವುದಿಲ್ಲ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಯಾವ ಹೆಸರು ಎಲ್ಲಿಲ್ಲ ಅಂತ ಕಾಣುತ್ತದೆ. ಕಾಣದಿದ್ದರೆ ಹಾಗಂತಲೇ ಬರೆಯಿರಿ.

ಆರು ಪುಟ ಸಾಕು, ಹದಿನಾಲ್ಕು ಬೇಡ. ಏಪ್ರಿಲ್ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಬಸ್ ಚಾರ್ಜು ಕೊಡುವ ಶಕ್ತಿ ಪತ್ರಿಕೆಗಿಲ್ಲ, ಲೇಖನ ತಂದುಕೊಡಲು ನೀವೇ ಬಂದರೆ ಕಾಫಿ ಮಾತ್ರ ಗ್ಯಾರಂಟಿ.