ಕ್ಲೀವ್‌ಲ್ಯಾಂಡಿನ ಕತ್ತಲು, ಚಳಿ ಮತ್ತು 28 ಇಂಚಿನ ವಾಲೈ

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿಗೆ ಬಂದು ಎರಡು ತಿಂಗಳಾಗಿದೆ, ಸಂಜೆ ಐದೂವರೆಗೆಲ್ಲ ಕತ್ತಲು, ಈ ಚಳಿಗಾಲವನ್ನು ಹೇಗೆ ಕಳೆಯುವುದೋ ಎಂಬ ದಿಗಿಲು. ಊರ ಕೆರೆಯಲ್ಲಿ ಗಾಳ ಹಾಕಿ ಅಭ್ಯಾಸವಿದೆ. ಆಫೀಸಿನವರು ವಾಲೈ ಎಂಬ ಇಲ್ಲಿಯ ಸಿಹಿನೀರಿನ ಮೀನನ್ನು, ತೋಳುದ್ದದ್ದನ್ನು, ಹಿಡಿದು ನಿಂತ ಫೋಟೋ ತೋರಿಸುತ್ತಾರೆ. ದೋಣಿ ಇಲ್ಲದವರಿಗೂ ಅಂಥ ಮೀನು ಸಿಗುತ್ತದೆಯೇ?

ಸಿಗುತ್ತದೆ. ನಿಮ್ಮನ್ನು ಹೆದರಿಸುತ್ತಿರುವ ಈ ಕತ್ತಲು ಮತ್ತು ಚಳಿಯೇ ದೊಡ್ಡ ವಾಲೈಯ ಕಾಲ. ಬೇಸಿಗೆಯ ಮಧ್ಯಾಹ್ನ ದಡದಲ್ಲಿ ಕೂತವರಿಗೆ ಇಡೀ ವರ್ಷ ಸಿಗದ ಮೀನು ನವೆಂಬರ್ ರಾತ್ರಿ ನೀರೊಳಗೆ ಚಾಚಿದ ಕಾಂಕ್ರೀಟ್ ಕಟ್ಟೆಯ, ಅಂದರೆ ಪಿಯರಿನ ಬುಡಕ್ಕೇ ಬರುತ್ತದೆ.

ಕಾರಣ ತಿಳಿದರೆ ಉಳಿದದ್ದೆಲ್ಲ ಸುಲಭ. ನಿಮ್ಮ ಊರಿನ ಪಕ್ಕದ ಈರಿ ಸರೋವರದ ಪಶ್ಚಿಮ ಭಾಗ ಆಳವಿಲ್ಲದ್ದು, ಸರಾಸರಿ 24 ಅಡಿ. ಕ್ಲೀವ್‌ಲ್ಯಾಂಡ್ ಇರುವ ಮಧ್ಯಭಾಗ ಸರಾಸರಿ 60 ಅಡಿ. ವಾಲೈಗಳು ಮಾರ್ಚ್–ಏಪ್ರಿಲ್‌ನಲ್ಲಿ ಪಶ್ಚಿಮದ ಕಲ್ಲುದಿಬ್ಬಗಳ ಮೇಲೆ, ಮೌಮಿ ಮತ್ತು ಸಂಡಸ್ಕಿ ನದಿಗಳಲ್ಲಿ ಮೊಟ್ಟೆಯಿಡುತ್ತವೆ. ನೀರು ಬಿಸಿಯಾದಂತೆ ತಂಪು ಹುಡುಕುತ್ತ ಪೂರ್ವಕ್ಕೆ ಹೊರಡುತ್ತವೆ, ದೊಡ್ಡವು ಹೆಚ್ಚು ದೂರ ಹೋಗುತ್ತವೆ. ಶರತ್ಕಾಲದಲ್ಲಿ ಅದೇ ದಾರಿಯಲ್ಲಿ ವಾಪಸು. ಆ ಹೊತ್ತಿಗೆ ಎಮರಾಲ್ಡ್ ಶೈನರ್, ಗಿಜರ್ಡ್ ಶ್ಯಾಡ್ ಎಂಬ ಸಣ್ಣ ಮೀನುಗಳ ಹಿಂಡು ಬಂದರುಗಳ ಒಳಗೆ, ಅಲೆತಡೆ ಗೋಡೆಗಳ ಪಕ್ಕ ಸೇರಿರುತ್ತದೆ. ಹೆಣ್ಣು ವಾಲೈ ಮುಂದಿನ ವಸಂತದ ಮೊಟ್ಟೆಗಾಗಿ ಈಗಲೇ ಮೈ ತುಂಬಿಸಿಕೊಳ್ಳಬೇಕು. ದೊಡ್ಡ ವಾಲೈ ಎಂದರೆ ಬಹುತೇಕ ಹೆಣ್ಣೇ. ಗಂಡು ಅಷ್ಟು ಬೆಳೆಯುವುದಿಲ್ಲ. ವಾಲೈಯ ಕಣ್ಣಿನೊಳಗೆ ಹಿಂಬದಿಯಲ್ಲಿ ಬೆಕ್ಕಿನ ಕಣ್ಣಿನಲ್ಲಿರುವಂಥ ಬೆಳಕು ಹಿಂದಿರುಗಿಸುವ ಪದರವಿದೆ. ಕತ್ತಲಲ್ಲಿ ಬೇಟೆಗೆ ಕಾಣದ್ದು ಅದಕ್ಕೆ ಕಾಣುತ್ತದೆ. ಹೀಗಾಗಿ ಹಗಲು ಆಳದಲ್ಲಿದ್ದದ್ದು ರಾತ್ರಿ 8–20 ಅಡಿ ನೀರಿಗೆ ನುಗ್ಗುತ್ತದೆ.

ದೊಡ್ಡದು ಎಂದರೆ ಎಷ್ಟು? ಒಹಾಯೊ ರಾಜ್ಯದ ‘ಫಿಶ್ ಒಹಾಯೊ’ ಮನ್ನಣೆಗೆ ವಾಲೈ 28 ಇಂಚು ಇರಬೇಕು. ಅಷ್ಟುದ್ದದ್ದು ಸುಮಾರು 8 ಪೌಂಡ್ ತೂಗುತ್ತದೆ, 30 ಇಂಚಿನದು 10 ಪೌಂಡಿನ ಆಸುಪಾಸು. ಹಿಡಿದು ಬಿಟ್ಟ ಮೀನಿಗೂ ಉದ್ದದ ಲೆಕ್ಕದಲ್ಲಿ ಮನ್ನಣೆ ಸಿಗುತ್ತದೆ. ಬಾಯಿ ಮುಚ್ಚಿಸಿ, ಬಾಲದ ಎರಡು ತುದಿ ಕೂಡಿಸಿ ಅಳೆಯಬೇಕು. ರಾಜ್ಯದ ದಾಖಲೆ ಮೀನು ಇದೇ ಸರೋವರದ್ದು, 1999ರ ನವೆಂಬರಿನದು: 16.19 ಪೌಂಡ್. ತಿಂಗಳು ಗಮನಿಸಿ.

ಮೊದಲು ಲೈಸೆನ್ಸ್. 16 ತುಂಬಿದ ಎಲ್ಲರಿಗೂ ಬೇಕು. ವೀಸಾದಲ್ಲಿ ಇರುವವರೂ ಕೊಳ್ಳಬಹುದು. ಹೊಸಬರು ಎಡವುವುದು ನಿವಾಸಿ ದರದ ವಿಷಯದಲ್ಲಿ. ಸತತ ಆರು ತಿಂಗಳು ಒಹಾಯೊದಲ್ಲಿ ವಾಸವಿದ್ದವರಿಗೆ ಮಾತ್ರ ಅದು. ಡ್ರೈವಿಂಗ್ ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ನಿವಾಸಿ ಆಗುವುದಿಲ್ಲ. ನಿಮಗಿನ್ನೂ ಎರಡೇ ತಿಂಗಳು, ಆದ್ದರಿಂದ ಹೊರರಾಜ್ಯದವರ ಲೈಸೆನ್ಸ್ ಕೊಳ್ಳಿ. ಜನವರಿಯಿಂದ ಏಪ್ರಿಲ್‌ವರೆಗೆ ಅದರ ಜೊತೆ ಈರಿ ಸರೋವರದ ಪರ್ಮಿಟ್ಟೂ ಬೇಕು. ಒಂದು ದಿನದ ಲೈಸೆನ್ಸೂ ಇದೆ, ರುಚಿ ನೋಡಲು ಅದು ಸಾಕು. 15 ಇಂಚಿಗಿಂತ ಚಿಕ್ಕ ವಾಲೈ ಇಟ್ಟುಕೊಳ್ಳುವಂತಿಲ್ಲ. ದಿನಕ್ಕೆ ಎಷ್ಟು ಎಂಬುದನ್ನು ಆ ವರ್ಷದ ನಿಯಮಪುಸ್ತಕದಲ್ಲಿ ನೋಡಿಕೊಳ್ಳಿ. ಅಳತೆ ಟೇಪ್ ಜೇಬಿನಲ್ಲೇ ಇರಲಿ.

ಸಾಮಾನಿಗೆ ಹೆಚ್ಚು ದುಡ್ಡು ಸುರಿಯಬೇಡಿ. ಏಳರಿಂದ ಎಂಟು ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, 3000 ಅಳತೆಯ ರೀಲ್. ರೀಲಿನಲ್ಲಿ 15 ಪೌಂಡ್ ತಾಳುವ ಬ್ರೇಡ್, ಅಂದರೆ ಹೆಣೆದ ದಾರ, ತುದಿಗೆ ಮೂರು–ನಾಲ್ಕು ಅಡಿ 12 ಪೌಂಡ್ ತಾಳುವ ಫ್ಲೋರೊಕಾರ್ಬನ್ ಎಂಬ ಪಾರದರ್ಶಕ ದಾರ. ಕೊನೆಯಲ್ಲಿ ಪುಟ್ಟ ಸ್ನ್ಯಾಪ್ ಕೊಂಡಿ ಮಾತ್ರ, ತಿರುಗುವ ಭಾರದ ಸ್ವಿವೆಲ್ ಕೊಂಡಿ ಬೇಡ. ಅದು ಮೀನನ್ನು ಸೆಳೆಯುವ ಲ್ಯೂರಿನ ಮೂತಿಯನ್ನು ಕೆಳಗೆಳೆದು ನಡಿಗೆ ಕೆಡಿಸುತ್ತದೆ. ಚಳಿ ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ರಾತ್ರಿ ಬ್ರೇಡ್ ನೀರು ಹೀರಿಕೊಂಡು ರಾಡಿನ ಉಂಗುರಗಳಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕೆಂದೇ 10 ಪೌಂಡಿನ ಮಾನೊ, ಅಂದರೆ ಒಂಟಿ ಎಳೆಯ ದಾರ ಸುತ್ತಿದ ಇನ್ನೊಂದು ಸ್ಪೂಲ್ ಇದ್ದರೆ ಒಳ್ಳೆಯದು. ಉಂಗುರ ಕಟ್ಟಿದರೆ ಉಗುರಿನಿಂದ ಕೆರೆಯಬೇಡಿ, ಒಳಗಿನ ಪಿಂಗಾಣಿ ಬಿರಿಯುತ್ತದೆ. ರಾಡಿನ ತುದಿಯನ್ನು ನೀರಿಗೆ ತಾಗಿಸುವಷ್ಟು ತಗ್ಗಿನ ಜಾಗ ಸಿಕ್ಕರೆ ಅದ್ದಿ ತೆಗೆಯಿರಿ, ಕರಗುತ್ತದೆ.

ಲ್ಯೂರ್ ಎಂದರೆ ಐದೂವರೆ ಇಂಚಿನ ಉದ್ದನೆಯ ಹುಸಿಮೀನು, ಜರ್ಕ್‌ಬೇಟ್. ರಪಾಲಾದವರ ಹಸ್ಕಿ ಜರ್ಕ್ 14, ಸ್ಮಿತ್‌ವಿಕ್‌ನವರ ಪರ್ಫೆಕ್ಟ್ 10 ರೋಗ್, ಈ ಎರಡನ್ನು ಪಿಯರಿನ ಮೇಲೆ ಅತಿ ಹೆಚ್ಚು ಕಾಣುತ್ತೀರಿ. ಮೊದಲನೆಯದು ನಾಲ್ಕರಿಂದ ಎಂಟು ಅಡಿ, ಎರಡನೆಯದು ಹತ್ತು ಅಡಿಯ ಸುಮಾರಿಗೆ ಇಳಿಯುತ್ತದೆ. ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಮಟ್ಟಿಗೆ ನೀರು ತಿಳಿಯಿದ್ದರೆ ಬೆಳ್ಳಿ–ನೀಲಿ, ಕದಡಿದ್ದರೆ ಕಿತ್ತಳೆ ಹೊಟ್ಟೆಯದು, ಅಷ್ಟರಲ್ಲಿ ಮುಗಿಯಿತು. ಬಣ್ಣಕ್ಕಿಂತ ಮುಖ್ಯವಾದದ್ದು ಇದು: ಎಳೆಯುವುದನ್ನು ನಿಲ್ಲಿಸಿದಾಗ ಲ್ಯೂರ್ ನೀರಿನ ನಡುವೆ ಹಾಗೇ ನಿಲ್ಲಬೇಕು. ತಣ್ಣನೆಯ ನೀರು ಹೆಚ್ಚು ಸಾಂದ್ರ, ಹಾಗಾಗಿ ಅಕ್ಟೋಬರಿನಲ್ಲಿ ನಿಂತ ಲ್ಯೂರೇ ಡಿಸೆಂಬರಿನಲ್ಲಿ ಮೆಲ್ಲಗೆ ಮೇಲೇಳುತ್ತದೆ. ಸರೋವರದ ನೀರನ್ನೇ ಬಕೆಟ್ಟಿಗೆ ತುಂಬಿ ಪರೀಕ್ಷಿಸಿ. ಮೇಲೆದ್ದರೆ ಮುಂದಿನ ಗಾಳದ ಹತ್ತಿರ ಹೊಟ್ಟೆಗೆ ಅಂಟುವ ಸೀಸದ ಚುಕ್ಕೆ ಒಂದೊಂದಾಗಿ ಹಚ್ಚುತ್ತ ಬನ್ನಿ.

ಇನ್ನು ಎಳೆಯುವ ರೀತಿ. ಹೊಸಬರು ಸೋಲುವುದು ಇಲ್ಲೇ. ಕೈ ಮರಗಟ್ಟಿದಷ್ಟೂ ಜನ ಬೇಗಬೇಗ ಸುತ್ತುತ್ತಾರೆ, ಆದರೆ ನೀರು 7 ಡಿಗ್ರಿ ಸೆಲ್ಸಿಯಸ್, ಅಂದರೆ 45 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದಾಗ ಮೀನು ಓಡಿ ಹಿಡಿಯುವುದಿಲ್ಲ. ಸೆಕೆಂಡಿಗೆ ಒಂದು ಸುತ್ತೂ ಹೆಚ್ಚಾಯಿತು. ಲ್ಯೂರಿನ ತೊನೆದಾಟ ರಾಡಿನ ಬುಡದಲ್ಲಿ ಇನ್ನೇನು ಕಳೆದೇ ಹೋಯಿತು ಅನಿಸುವಷ್ಟು ನಿಧಾನ ಸಾಕು. ಐದಾರು ಸುತ್ತಿಗೊಮ್ಮೆ ನಿಲ್ಲಿಸಿ ಎರಡರಿಂದ ಐದು ಸೆಕೆಂಡ್ ಬಿಡಿ. ನೀರು ತಣ್ಣಗಾದಂತೆ ನಿಲುಗಡೆ ಉದ್ದವಾಗಲಿ. ಕಚ್ಚುವುದು ಆ ನಿಲುಗಡೆಯಲ್ಲಿ. ಅದು ಧಡ್ ಎಂದು ಬಡಿಯುವುದಿಲ್ಲ. ಒದ್ದೆ ಎಲೆಯೊಂದು ಸಿಕ್ಕಿಕೊಂಡ ಹಾಗೆ ದಾರ ಭಾರವಾಗುತ್ತದೆ. ಕೆರೆಯಲ್ಲಿ ಬೆಂಡು ಮುಳುಗಿದಾಗ ಮೇಲಕ್ಕೆ ಜಗ್ಗುವ ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತದೆ. ರಾಡನ್ನು ಪಕ್ಕಕ್ಕೆ ಎಳೆದು ಬಿಗಿ ಹಿಡಿಯಿರಿ, ಅಷ್ಟೇ.

ದೂರಕ್ಕೆ ಎಸೆಯುವ ಹುಮ್ಮಸ್ಸನ್ನೂ ಬಿಡಿ. ಮೀನು ಗೋಡೆಯನ್ನೇ ಹಿಡಿದು ಸಾಗುತ್ತಿರುತ್ತದೆ. ಮೊದಲು ಗೋಡೆಗೆ ಸಮಾನಾಂತರವಾಗಿ ಎಸೆಯಿರಿ, ಆಮೇಲೆ ಬೀಸಣಿಗೆಯ ಹಾಗೆ ಸ್ವಲ್ಪ ಸ್ವಲ್ಪವೇ ಹೊರಕ್ಕೆ. ಕೊನೆಯ ಹತ್ತು ಅಡಿಯಲ್ಲಿ ಇನ್ನೊಮ್ಮೆ ನಿಲ್ಲಿಸಿ. ಬೆನ್ನಟ್ಟಿ ಬಂದ ದೊಡ್ಡ ಹೆಣ್ಣು ಕಾಲ ಬುಡದಲ್ಲೇ ಬಾಯಿ ಹಾಕುವುದು ಸಾಮಾನ್ಯ. ಆದ್ದರಿಂದಲೇ ತಲೆದೀಪವನ್ನು ನೀರಿನ ಕಡೆ ಬಿಡಬಾರದು. ಗಂಟು ಕಟ್ಟುವಾಗ ಸರೋವರಕ್ಕೆ ಬೆನ್ನು ಹಾಕಿ ಹಚ್ಚಿ. ಪಕ್ಕದವರ ಕೋಪಕ್ಕೆ ಗುರಿಯಾಗುವ ಅತಿ ಸುಲಭದ ದಾರಿ ಈ ದೀಪ. ಬೇರೆಯವರಿಗೆ ಮೀನು ಸಿಕ್ಕಿದರೆ ನಿಮ್ಮ ದಾರ ಸುತ್ತಿಕೊಂಡು ಅವರ ಬಲೆ ಹಿಡಿಯಲು ಹೋಗಿ. ಈ ದೇಶದಲ್ಲಿ ಪರಿಚಯ ಬೆಳೆಯುವುದು ಹೀಗೆ ಒಟ್ಟಿಗೆ ಒಂದು ಕೆಲಸ ಮಾಡುವಾಗಲೇ. ಪಿಯರಿನಲ್ಲಿ ಒಬ್ಬರ ಮೀನಿಗೆ ಬಲೆ ಒಡ್ಡಿದರೆ ಮುಂದಿನ ವಾರ ಅವರೇ ಎಲ್ಲಿ ಕಚ್ಚುತ್ತಿದೆ ಎಂದು ಹೇಳುತ್ತಾರೆ.

ಮೀನು ಬಿದ್ದ ಮೇಲೆ ಕಳೆದುಕೊಳ್ಳುವುದು ಎರಡು ಕಾರಣಕ್ಕೆ. ಒಂದು, ದಾರ ಎಷ್ಟು ಎಳೆತಕ್ಕೆ ಜಾರಬೇಕೆಂದು ನಿಗದಿ ಮಾಡುವ ರೀಲಿನ ಡ್ರ್ಯಾಗ್ ಬಿಗಿ. ಬ್ರೇಡ್ ಹಿಗ್ಗುವುದಿಲ್ಲ, ಆದ್ದರಿಂದ ಮೀನು ತಲೆ ಕೊಡವಿದ ಏಟೆಲ್ಲ ಸಣ್ಣ ಮೂರು ಮುಳ್ಳಿನ ಗಾಳದ ಮೇಲೆ ಬಿದ್ದು ತುಟಿ ಹರಿಯುತ್ತದೆ. ಕೈಯಿಂದ ಎಳೆದರೆ ಮೂರು–ನಾಲ್ಕು ಪೌಂಡಿಗೆ ದಾರ ಜಾರುವಂತೆ ಇಡಿ. ಇನ್ನೊಂದು, ಗಿಡ್ಡ ಬಲೆ. ಪಿಯರಿನ ಅಂಚು ನೀರಿನಿಂದ ಆರೇಳು ಅಡಿ ಮೇಲಿರುತ್ತದೆ. ದಾರ ಹಿಡಿದು ಎಂಟು ಪೌಂಡಿನ ಮೀನು ಎತ್ತಲು ಹೋದರೆ ಅಲ್ಲಿಗೆ ಮುಗಿಯಿತು. ಹತ್ತು ಅಡಿ ಹಿಡಿಕೆಯ, ರಬ್ಬರ್ ಲೇಪದ ಬಲೆ ಬೇಕೇಬೇಕು. ನೂಲಿನ ಬಲೆಗೆ ಗಾಳಗಳು ಸಿಕ್ಕಿಕೊಂಡರೆ ಕತ್ತಲಲ್ಲಿ ಬಿಡಿಸುವುದು ಯಾತನೆ. ಬಲೆಯನ್ನು ನೀರಲ್ಲಿ ಮುಳುಗಿಸಿ ಹಿಡಿದು ಮೀನನ್ನು ತಲೆ ಮುಂದಾಗಿ ಅದರೊಳಗೆ ನಡೆಸಿ. ಬಾಲದ ಕಡೆಯಿಂದ ಅಟ್ಟಿದರೆ ಮುನ್ನುಗ್ಗಿ ತಪ್ಪಿಸಿಕೊಳ್ಳುತ್ತದೆ.

ಯಾವ ರಾತ್ರಿ ಹೋಗಬೇಕು ಎಂಬುದನ್ನು ಗಾಳಿ ಹೇಳುತ್ತದೆ. ನಾವಿರುವುದು ಸರೋವರದ ದಕ್ಷಿಣ ದಂಡೆ. ಉತ್ತರದ ಗಾಳಿ ಜೋರಾಗಿ ಬೀಸಿದರೆ ಅಲೆ ಪಿಯರ್ ಹತ್ತುತ್ತದೆ, ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆಗ ಮೀನೂ ಇಲ್ಲ, ಜೀವಕ್ಕೂ ಅಪಾಯ. ಗಾಳಿ ನಿಂತು ಒಂದೆರಡು ದಿನದಲ್ಲಿ ನೀರು ಮತ್ತೆ ಹಸಿರಾಗುತ್ತ ಬರುತ್ತದೆ. ಲ್ಯೂರ್ ಒಂದೆರಡು ಅಡಿ ಆಳದವರೆಗೆ ಮಾತ್ರ ಕಾಣುವಷ್ಟು ಕದಡಿದ್ದು, ಮೇಲೆ ಸಣ್ಣ ತೆರೆಯಿದ್ದರೆ ಅದೇ ಒಳ್ಳೆಯ ರಾತ್ರಿ. ಕನ್ನಡಿಯಂಥ ತಿಳಿನೀರಿಗಿಂತ ಅದು ವಾಸಿ. ಅಮೆರಿಕ ಸರ್ಕಾರದ ಹವಾಮಾನ ಸಂಸ್ಥೆ ನೋವಾದವರ (NOAA) ದಡದ ಸಮೀಪದ ಹವಾಮಾನ ಮುನ್ಸೂಚನೆಯಲ್ಲಿ ಅಲೆ ಎರಡು ಅಡಿ ದಾಟಿದ್ದರೆ ಮನೆಯಲ್ಲೇ ಇರಿ. ಇದರಲ್ಲಿ ರಾಜಿ ಬೇಡ. 45 ಡಿಗ್ರಿ ಫ್ಯಾರನ್‌ಹೀಟಿನ ನೀರಿಗೆ ಬಿದ್ದವರ ಬೆರಳು ಕೆಲವೇ ನಿಮಿಷದಲ್ಲಿ ಮಾತು ಕೇಳುವುದಿಲ್ಲ, ಈಜು ಬಂದರೂ ಏಣಿ ಹತ್ತಲಾಗುವುದಿಲ್ಲ. ಲೈಫ್ ಜಾಕೆಟ್ ತೊಟ್ಟೇ ನಿಲ್ಲಿ, ಜೊತೆಗೊಬ್ಬರು ಇರಲಿ. ಮಂಜುಗಡ್ಡೆ ಕಟ್ಟಿದ ಕಾಂಕ್ರೀಟಿಗೆ ಶೂ ಅಡಿಗೆ ಸಿಕ್ಕಿಸುವ ಮುಳ್ಳುಪಟ್ಟಿ ಸಿಗುತ್ತದೆ, ಅಗ್ಗವೂ ಹೌದು. ಕಲ್ಲು ಪೇರಿಸಿದ ಅಲೆತಡೆಯ ಮೇಲೆ ರಾತ್ರಿ ನಡೆಯುವ ಸಾಹಸ ಮಾಡಲೇಬೇಡಿ.

ಬಟ್ಟೆಯಲ್ಲಿ ನಮ್ಮವರು ಮಾಡುವ ತಪ್ಪು ಜೀನ್ಸ್ ಮತ್ತು ಹತ್ತಿ ಬನಿಯನ್. ಬೆವರು ಹೀರಿ ಒದ್ದೆಯಾಗಿ ಮೈ ಕೊರೆಯುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ಗಾಳಿ ತಡೆಯುವ ಪದರ. ಎರಡು ಜೊತೆ ಕಾಲುಚೀಲ ತುರುಕಿ ಶೂ ಬಿಗಿಯಾದರೆ ರಕ್ತ ಓಡದೆ ಪಾದ ಇನ್ನೂ ತಣ್ಣಗಾಗುತ್ತದೆ. ಒಂದೇ ಜೊತೆ ದಪ್ಪ ಉಣ್ಣೆಯದು, ಶೂ ಒಂದಳತೆ ದೊಡ್ಡದು.

ಜಾಗಗಳು ನಿಮ್ಮ ಊರಲ್ಲೇ ಇವೆ: ಎಡ್ಜ್‌ವಾಟರ್ ಪಾರ್ಕಿನ ಪಿಯರ್, ಈಸ್ಟ್ 55ನೇ ಸ್ಟ್ರೀಟಿನದು. ಪಶ್ಚಿಮಕ್ಕೆ ಹೊರಟರೆ ಲೊರೇನ್, ವರ್ಮಿಲಿಯನ್, ಹ್ಯೂರಾನ್. ರಾತ್ರಿ ಎಷ್ಟು ಹೊತ್ತಿನವರೆಗೆ ಬಿಡುತ್ತಾರೆ ಎಂಬುದನ್ನು ಅಲ್ಲಿಯ ಫಲಕದಲ್ಲಿ ಓದಿಕೊಂಡೇ ಕಾರು ನಿಲ್ಲಿಸಿ. ವಸಂತದಲ್ಲಿ ಮೌಮಿ ನದಿಗೆ ಎಲ್ಲರೂ ಕರೆಯುತ್ತಾರೆ. ಹೋಗಿ ಬನ್ನಿ, ಚೆನ್ನಾಗಿರುತ್ತದೆ. ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ಗಂಡು, ಇಪ್ಪತ್ತು ಇಂಚಿನ ಆಸುಪಾಸಿನವು. ಮಾರ್ಚ್–ಏಪ್ರಿಲ್‌ನಲ್ಲಿ ಅಲ್ಲಿ ಸೂರ್ಯಾಸ್ತದ ಮೇಲೆ ಗಾಳ ಹಾಕುವಂತಿಲ್ಲ, ಬಾಯಿಗೆ ಬಿಟ್ಟು ಮೈಗೆ ಚುಚ್ಚಿಕೊಂಡ ಮೀನನ್ನು ಇಟ್ಟುಕೊಳ್ಳುವಂತೆಯೂ ಇಲ್ಲ.

ದೊಡ್ಡದನ್ನು ಬಿಟ್ಟುಬಿಡಿ ಎಂದು ಒತ್ತಿ ಹೇಳುತ್ತೇನೆ. ಪಿಯರಿನ ಮೀನು ಆಳವಿಲ್ಲದ ನೀರಿನಿಂದ ಬಂದದ್ದು, ಬಿಟ್ಟರೆ ಬದುಕುತ್ತದೆ. ಮೂವತ್ತು ಅಡಿಗಿಂತ ಆಳದಿಂದ ಎತ್ತಿದ ವಾಲೈಗೆ ಈಜುಚೀಲ ಉಬ್ಬಿ ವಾಪಸು ಇಳಿಯಲಾಗದೆ ಹೋಗಬಹುದು. ಅದರ ಈಜುಚೀಲದಿಂದ ಗಾಳಿ ಬಾಯಿಗೆ ಬರುವ ದಾರಿಯೇ ಇಲ್ಲ. ಕೈಗವಸು ತೆಗೆದು ಕೈ ಒದ್ದೆ ಮಾಡಿಕೊಂಡು ಅಡ್ಡಲಾಗಿ, ಹೊಟ್ಟೆಗೆ ಆಸರೆ ಕೊಟ್ಟು ಹಿಡಿಯಿರಿ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತಿದೆ, ಹಲ್ಲು ನಾಯಿಹಲ್ಲು, ಬೆನ್ನ ರೆಕ್ಕೆಯಲ್ಲಿ ಮುಳ್ಳು. ಶೂನ್ಯಕ್ಕಿಂತ ಕೆಳಗಿನ ಗಾಳಿಯಲ್ಲಿ ಕಣ್ಣು, ಕಿವಿರು ಹೆಪ್ಪುಗಟ್ಟುತ್ತವೆ, ಆದ್ದರಿಂದ ಕ್ಯಾಮೆರಾ ಸಿದ್ಧವಾಗುವವರೆಗೆ ಮೀನು ನೀರಿನಲ್ಲಿ, ಬಲೆಯೊಳಗೇ ಇರಲಿ. ಮೇಲಿನಿಂದ ಎಸೆಯಬೇಡಿ, ಬಲೆಯಲ್ಲೇ ಇಳಿಸಿ.

ಅಡುಗೆಗೆ 16ರಿಂದ 20 ಇಂಚಿನದು ಸಾಕು, ರುಚಿಯೂ ಅದರದೇ. ಫಿಲೆಟ್ ತೆಗೆದು ಪಕ್ಕೆಯ ಕಂದು ಮಾಂಸ, ಹೊಟ್ಟೆಯ ಕೊಬ್ಬು ಕತ್ತರಿಸಿ ಹಾಕಿ. ಸರೋವರದಲ್ಲಿರುವ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಸೇರಿಕೊಳ್ಳುವುದು ಕೊಬ್ಬಿನಲ್ಲೇ. ತಿಂಗಳಿಗೆ ಎಷ್ಟು ಸಲ ತಿನ್ನಬಹುದೆಂದು ಒಹಾಯೊ ರಾಜ್ಯ ಜಾತಿವಾರು ಸಲಹೆ ಕೊಡುತ್ತದೆ. ಬಸುರಿಯರು, ಮಕ್ಕಳು ಇರುವ ಮನೆಯಲ್ಲಿ ಅದನ್ನು ನೋಡಿಯೇ ಬಡಿಸಿ. ಕಾಣೆ ಮೀನಿನ ಹಾಗೆ ಮಸಾಲೆ ಸವರಿ ರವೆಯಲ್ಲಿ ಹೊರಳಿಸಿ ತವಾದಲ್ಲಿ ಹುರಿದರೆ ಊರು ನೆನಪಾಗುತ್ತದೆ. ಸಾರಿಗೆ ಹಾಕುವುದಾದರೆ ಕೊನೆಯ ಐದು ನಿಮಿಷ ಇರುವಾಗ ಹಾಕಿ, ಮಾಂಸ ಮೆದು, ಬೇಗ ಬಿಟ್ಟುಕೊಳ್ಳುತ್ತದೆ.

ಮೊದಲ ಸಲ ಹಗಲಲ್ಲೇ ಪಿಯರಿಗೆ ಹೋಗಿ ಬನ್ನಿ. ಏಣಿ ಎಲ್ಲಿದೆ, ನೀರೊಳಗೆ ಕಲ್ಲು ಎಲ್ಲಿ ಚಾಚಿದೆ, ಬಲೆ ಇಳಿಸಲು ತಗ್ಗಿನ ಅಂಚು ಯಾವ ಕಡೆ ಎಂದು ನೋಡಿಟ್ಟುಕೊಳ್ಳಿ. ಆಮೇಲೆ ಗಾಳಿ ತಗ್ಗಿದ ಸಂಜೆ, ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಅಲ್ಲಿರಿ.